ಡಯಲ್ ದಾರ

ಮುಳ್ಳು ಲಾಹೋರಿನ ಮೇಲೆ ಸತ್ತು ಬಿದ್ದಿತ್ತು.
ಗುಂಡಿ ತಿರುಗಿಸಿದರೆ ಗುಂಡಿಯಷ್ಟೇ ತಿರುಗುತ್ತದೆ;
ದಾರ ಹರಿದಿದೆ.

ಹಿಂಬದಿಯ ರಟ್ಟು ಬಿಚ್ಚಿದೆ. ಹಲ್ಲಿಮೊಟ್ಟೆಯ ಸಿಪ್ಪೆ,
ಮೇಣ ಸೋರಿದ ಕಂಡೆನ್ಸರು,
ಷಾಸಿಯ ಮೇಲೆ ಪೆನ್ಸಿಲಿನಲ್ಲಿ
‘ರಿಪೇರಿ: ಪುಟ್ಟಾಚಾರಿ, ೧೨-೮-೭೧’.
ಅವರ ಬೆಸುಗೆ ಜೋಳದ ಕಾಳಿನ ಹಾಗೆ, ದುಂಡಗೆ.
ಒಂದನ್ನೂ ಕೀಳಲು ಮನಸ್ಸು ಬರಲಿಲ್ಲ;
ಎರಡನ್ನು ಕಿತ್ತೆ.

ಗಾಳದ ನೈಲಾನು ಜಾರುತ್ತದೆ.
ಹೂ ಕಟ್ಟುವ ದಾರ ಎರಡೇ ದಿನ.
ಕೊನೆಗೆ ಎದುರು ಬೀದಿಯ ಚರಕದ ಮನೆಗೆ ಹೋದೆ.
ಬಿಸಿನೀರ ಬಾಣಲೆಯಿಂದ ಕೈ ತೆಗೆಯದೆ
ಮುಬೀನಾಬಿ ಕೇಳಿದಳು: ‘ಏನು ಎಳೀಬೇಕು ಅದು?’
‘ಒಂದು ಮುಳ್ಳು.’
‘ಎಷ್ಟು ದೂರ?’
‘ಲಾಹೋರಿಂದ ಕೊಲಂಬೋವರೆಗೆ. ಒಂದು ಗೇಣು.’
ಅವಳು ನಗಲಿಲ್ಲ. ಮೂವತ್ತು ಗೂಡಿನ ಎಳೆ ಸೇರಿಸಿ
ತೊಡೆಯ ಮೇಲೆ ಹೊಸೆದು ಕೊಟ್ಟಳು,
ಹುಳದ ವಾಸನೆ ಇನ್ನೂ ಹಸಿ.

ಡ್ರಮ್ಮಿಗೆ ಮೂರು ಸುತ್ತು, ಸ್ಪ್ರಿಂಗಿಗೆ ಒಂದು ಗಂಟು.
ಸ್ವಿಚ್ಚು ಹಾಕಿದೆ. ವಾಲ್ವು ಕಾಯುವ ತನಕ
ನಾನೂ ಕಾದೆ.
ಮೊದಲು ಗುಂಯ್. ಆಮೇಲೆ ಕೆಮ್ಮು. ಆಮೇಲೆ
ಯಾರೋ ನಮ್ಮ ಶಿಡ್ಲಘಟ್ಟದ್ದೇ
ಗೂಡಿನ ದರ ಓದುತ್ತಿದ್ದಾರೆ.

ಬಿಸಿಗೆ ರೇಷ್ಮೆ ಸಡಿಲಾಗಿರಬೇಕು,
ಮುಳ್ಳು ಮಾತ್ರ ಕೊಲಂಬೋ ದಾಟಿ
ಗಾಜಿನ ಮೇಲೆ ಹೆಸರೇ ಇಲ್ಲದ ಕಡೆ ನಿಂತಿದೆ.
ಸರಿಮಾಡಲು ಕೈ ಹಾಕಿದೆ.

ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ಮುಬೀನಾಬಿ:
‘ಸುಳ್ಳು ಹೇಳ್ತಾನೆ ನಿಮ್ಮ ಪೆಟ್ಟಿಗೆಯೋನು.
ಇವತ್ತು ಕೇಜಿಗೆ ಇಪ್ಪತ್ತು ಜಾಸ್ತಿ ಕೊಟ್ಟು ತಂದಿದೀನಿ.’