ಬೆನ್ನಿನ ಗುರುತು

ಎರಡು ವರ್ಷ ಅವಳ ಹಿಂದೆ ನಡೆದೆ.
ಮುಖ ಅಷ್ಟಾಗಿ ನೆನಪಿಲ್ಲ.
ಬೆನ್ನು ಗೊತ್ತು:
ಮಡಚಿ ಕಟ್ಟಿದ ಎರಡು ಜಡೆ, ಕೆಂಪು ರಿಬ್ಬನ್ನು,
ಎಡ ಹೆಗಲ ಬಿಟ್ಟ ಹೊಲಿಗೆಗೆ ಸಿಕ್ಕಿಸಿದ ಪಿನ್ನು,
ಹತ್ತು ಸುತ್ತು ಮುಗಿಯುವಷ್ಟರಲ್ಲಿ
ಅಂಗಿಯ ಮೇಲೆ ಮೂಡುವ ಬೆವರಿನ ನಕಾಶೆ.

ಹೆಸರು ಹುಲಿಗೆಮ್ಮ. ಒಂಬತ್ತನೇ ಬಿ.
ಹಟ್ಟಿ ಹೈಸ್ಕೂಲಿನ ಬ್ಯಾಂಡಿಗೆ ಮೇಜರು.
ಕೈಯಲ್ಲಿ ಬಿದಿರಿನ ಕೋಲು,
ತುದಿಗೆ ಅವಳಜ್ಜಿಯ ಮಂಚದ ಹಿತ್ತಾಳೆ ಗುಂಡು.
ಆ ಮಂಚ ಅಂದಿನಿಂದ ಮೂರು ಗುಂಡಿನದು.

ಮಹಿಬೂಬ ಮಾಸ್ತರರು ಮದುವೆ ಬ್ಯಾಂಡಿನಲ್ಲಿ
ಕ್ಲಾರಿನೆಟ್ ಊದಿ ಊದಿ ಹಲ್ಲು ಕಳಕೊಂಡವರು.
ಹುಡುಗರೆಲ್ಲ ಕೋಲು ತಿರುಗಿಸಿ ತೋರಿಸುವಾಗ
ಇವಳೊಬ್ಬಳು ಸುಮ್ಮನೆ ನಿಂತಿದ್ದಳಂತೆ.
"ಇಕಿನ್ನ ಮುಂದ ನಿಲ್ಲಸ್ರಿ," ಅಂದರು,
"ನಿಲ್ಲಾಕ ಬರೋರು ಕಡಿಮಿ."

ನಾನು ದೊಡ್ಡ ಡೋಲು. ಹೊಟ್ಟೆಗೆ ಕಟ್ಟಿಕೊಂಡರೆ
ನನ್ನ ಕಾಲು ನನಗೇ ಕಾಣದು.
ತಾಳ ತಪ್ಪಿದರೂ ಅವಳು ತಿರುಗುತ್ತಿರಲಿಲ್ಲ,
ಕಿವಿಯ ಹಿಂದಿನ ನರ ಒಮ್ಮೆ ಬಿಗಿಯುತ್ತಿತ್ತು, ಅಷ್ಟೇ.
ಆಮೇಲೆ ನೀರಿನ ಟ್ಯಾಂಕಿನ ಹತ್ತಿರ:
"ಏ ದ್ಯಾವಣ್ಣ, ನಿನ್ನ ಎಡಗಾಲು ಸುಳ್ಳು ಹೇಳ್ತದಲೇ.
ಡೋಲು ಕೇಳಬ್ಯಾಡ. ಭೂಮಿ ಕೇಳು."

ಭೂಮಿಯೋ, ನಮ್ಮೂರಲ್ಲಿ ಮಾತಾಡುತ್ತಿತ್ತು.
ಪಾಳಿ ಮುಗಿಯುವ ಹೊತ್ತಿಗೆ ಕೆಳಗೆಲ್ಲೋ ಸಿಡಿತ,
ಅಂಗಾಲಿಗೊಂದು ಗುದ್ದು,
ಅಪ್ಪಂದಿರು ಒಳಗಿಂದ ತಟ್ಟಿದ ಹಾಗೆ.
ಗಣಿಯ ಬೂದು ದಿಬ್ಬದ ನೆರಳಲ್ಲಿ
ಅದಕ್ಕೇ ಹೆಜ್ಜೆ ಹೊಂದಿಸಿಕೊಂಡೆವು.

ರಾಯಚೂರು. ಜನವರಿಯಲ್ಲೂ ಕೆಂಡದ ಮೈದಾನ.
ಹದಿನಾಲ್ಕು ಶಾಲೆ. ನಮಗಿಂತ ಮುಂಚಿನವರಿಗೆ
ಬಿಳಿ ಕೈಗವಸು, ಪುಕ್ಕದ ಟೋಪಿ;
ಅವರ ಮೇಜರನ ಕೋಲು ಆಕಾಶಕ್ಕೆ ಹೋಗಿ
ಸಾಕಿದ ಪಾರಿವಾಳದಂತೆ ಕೈಗೆ ಮರಳುತ್ತಿತ್ತು.
ನಮ್ಮ ಬೂಟು ಮೂರು ಬಣ್ಣ, ಪಾಲಿಶು ಒಂದೇ ಡಬ್ಬಿ.

ತೀರ್ಪುಗಾರರ ಪೆಂಡಾಲು ಇಪ್ಪತ್ತು ಹೆಜ್ಜೆ ಇರುವಾಗ
ನನ್ನ ಡೋಲಿನ ತೊಗಲು ಹರಿಯಿತು.
ಸದ್ದೇನೂ ದೊಡ್ಡದಲ್ಲ, ಹಪ್ಪಳ ಮುರಿದಷ್ಟು.
ಮುಂದಿನ ಏಟು ಒಳಗೆ ಹೋಯಿತು, ಹೊರಗೆ ಬರಲಿಲ್ಲ.
ಸೈಡ್ ಡ್ರಮ್ಮುಗಳು ಗಾಬರಿಯಲ್ಲಿ ಓಡತೊಡಗಿದವು,
ಕೊಳಲುಗಳು ಹಿಂದೆ ಬಿದ್ದವು.

ಅವಳು ತಿರುಗಲಿಲ್ಲ.
ಕೋಲು ಮೇಲೆತ್ತಿ, ಅಡ್ಡ ಹಿಡಿದು,
ದಾರ ಕಡಿದಂತೆ ಕೆಳಗಿಳಿಸಿದಳು.
ಎಲ್ಲ ನಿಂತಿತು, ಕಾಲು ಬಿಟ್ಟು.

ಮೂವತ್ತೆರಡು ಮಕ್ಕಳ ಹೆಜ್ಜೆ, ಬರೀ ಹೆಜ್ಜೆ,
ಒಣ ಮಣ್ಣಿನ ಮೇಲೆ.
ಐಸ್‌ಕ್ಯಾಂಡಿಯವನ ಗಂಟೆ ತಾನಾಗಿ ನಿಂತಿತು.
ಪೆಂಡಾಲಿನಲ್ಲಿ ಯಾರೋ ಹಾಳೆ ತಿರುವಿದ್ದು ಕೇಳಿಸಿತು.
ಹರಿದ ಡೋಲಿನ ಹಿಂದೆ ನಾನು, ಮೊದಲ ಸಲ,
ಎಡಗಾಲಲ್ಲಿ ನಿಜ ಹೇಳಿದೆ.

ವಾದನ ಸ್ಥಗಿತ, ಹತ್ತು ಅಂಕ ಕಡಿತ.
ಏಳನೇ ಸ್ಥಾನ. ವಾಪಸು ಬರುವಾಗ ಲಾರಿಯಲ್ಲಿ
ಮಿರ್ಚಿ ತಿಂದೆವು. ಮಾಸ್ತರರ ಕಣ್ಣಲ್ಲಿ ನೀರು; ಖಾರ ಅಂದರು.
ಅವಳು ಕೋಲನ್ನು ತೊಡೆಯ ಮೇಲಿಟ್ಟು
ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಈಗ ನಾನು ಶಾಫ್ಟಿನ ಬಾಯಲ್ಲಿ ಗಂಟೆಯವನು.
ಒಂದು ಬಡಿದರೆ ನಿಲ್ಲು. ಎರಡು, ಇಳಿಸು.
ಮೂರು ಅಂದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ.
ಹೊಸ ಹುಡುಗರಿಗೆ ಒಂದನ್ನೇ ವಾರಗಟ್ಟಲೆ ಕಲಿಸುತ್ತೇನೆ.
ಬೈದುಕೊಳ್ಳುತ್ತಾರೆ. ಯಾಕೆಂದು ಹೇಳುವುದಿಲ್ಲ.

ಮೊನ್ನೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ
ಹೆಂಗಸೊಬ್ಬಳು ಕೇಳಿದಳು, "ಮುದಗಲ್ ಬಸ್ಸು ಹೋತೇನ್ರಿ?"
ಕನ್ನಡಕ, ಕಂಕುಳಲ್ಲಿ ಜೋಳದ ಹಿಟ್ಟಿನ ಚೀಲ.
"ಗೊತ್ತಿಲ್ರಿ" ಅಂದೆ. ಯಾರೋ.
ಅವಳು ಅತ್ತ ತಿರುಗಿ ಹೊರಟಳು.

ಬೆನ್ನು.

ಗೇಟಿನ ಬಳಿ ಹೊರಳುತ್ತಿದ್ದ ಬಸ್ಸಿಗೆ
ಕೈ ಎತ್ತಿ, ಅಡ್ಡ ಹಿಡಿದು, ಕೆಳಗಿಳಿಸಿದಳು.
ಬಸ್ಸು ನಿಂತಿತು. ಶೇಂಗಾ ಮಾರುವವನೂ ನಿಂತ.
ಕೂಗಲೆಂದು ಬಾಯಿ ತೆರೆದೆ;
ಮೇಜರ ಕೈ ಕೆಳಗಿರುವಾಗ ಸದ್ದು ಮಾಡುವಂತಿಲ್ಲ.

ಎಡಗಾಲು ಮಾತ್ರ
ಆಗಲೇ ಮುಂದಿತ್ತು.