ಗುರುತಿನ ಬಾಗಿಲು

ವಾಸ್ಕೋದಾಗ, ಇಗರ್ಜಿ ಹಿಂದಿನ ಶೆಡ್ಡಿನಾಗ, ಮೇ ತಿಂಗಳು,
ಡ್ಯೂಟಿ ಮುಗಿಸಿ ಮೂರಕ್ಕ ಕೂಡತೇವಿ:
ನಾನು, ಪಾರ್ಲರಿನ ಹುಸೇನಬಿ,
ಬಂದರದಾಗ ಲೆಕ್ಕ ಬರಿಯೋ ಭರಮಪ್ಪ,
ಅವನ ಮಗಳು, ಹತ್ತನೇತ್ತದಾಗ ಗಣಿತಕ್ಕ ನಪಾಸು.
ಫ್ಯಾನು ತಿರುಗಿದಷ್ಟೂ ಗೇರುಹಣ್ಣಿನ ಹುಳಿವಾಸನೆ.

ಲವೀನಿಯಾ ಅಕ್ಕೋರು ಹನ್ನೊಂದು ಬ್ಯಾಸಗಿ
ಕೆನಡಾದಾಗ ಕಲಿಸಿ ಬಂದವರು,
ಬ್ರೆಜಿಲಿನ, ಜಪಾನಿನ ಹುಡುಗರಿಗೆ.
ಪಾಠ ಮುಗೀತಂದ್ರ ಎಲ್ಲಾರೂ ಕೆರಿಗೆ ಹೋಗಿ
ದೋಣಿ ಹುಟ್ಟು ಹಾಕತಿದ್ದರಂತ.
ರಾತ್ರಿ ಒಂಬತ್ತಕ್ಕೂ ಬಿಸಿಲಂತ.
‘ಹಂಗಾದ್ರ ಊಟ ಯಾವಾಗ್ರೀ?’ ಅಂದಳು ಹುಸೇನಬಿ.

ಪುಸ್ತಕಾನೂ ಅಲ್ಲಿದೇ. ಮೂರನೇ ಪಾಠ, ಹವಾಮಾನ.
‘ಇಟ್ ಈಸ್ ಸ್ನೋಯಿಂಗ್’
ಬೆವರು ಒರಸಿಕೊಂಡು ಮೂರು ಸಲ ಅಂದ್ವಿ.
ಭರಮಪ್ಪ ಮಾತ್ರ ಕಿಡಕಿ ಕಡೆ ನೋಡಿ,
ಖಾತ್ರಿ ಮಾಡಿಕೊಂಡು, ಸುಮ್ಮನ ಕುಂತ.
ಸುಳ್ಳು ಹೇಳೋ ಪೈಕಿ ಅಲ್ಲ ಅವ.

ನನಗ ತೊಡಕಾದದ್ದು ‘ಎ’ ಮತ್ತ ‘ದ’.
ನಮ್ಮಲ್ಲಿ ಬಾಗಿಲು ಅಂದ್ರ ಬಾಗಿಲು, ಮುಗೀತು.
ಅಕ್ಕೋರು ಅಂದ್ರು:
ಮೊದಲ ಸಲ ಕಂಡದ್ದು ‘ಎ ಡೋರ್’,
ಗುರುತಾದ ಮ್ಯಾಲ ಅದೇ ‘ದ ಡೋರ್’.

ಮರುದಿನ ಹೋಟೆಲಿನಾಗ ಚಾದರದ ಗಾಡಿ ನೂಕಿಕೋತ
ಬಾಯೊಳಗ ಅಂದುಕೊಂಡೆ.
ಎರಡನೂರಾ ಏಳು, ಎರಡನೂರಾ ಎಂಟು,
ಒಳಗ ಯಾರಿದ್ದರೂ ಆರು ವರ್ಷದ ಗುರುತು.
ಎಲ್ಲಾ ‘ದ’.

ಸಂಜಿಕೆ ನನ್ನ ಖೋಲಿಗೆ ಬಂದೆ.
ಈ ತಿಂಗಳ ಬಾಡಿಗಿದು, ಐದನೇದು.
ಕೀಲಿ ತಿರುಗತದ, ಕದ ಸರಿಯೂದಿಲ್ಲ.
‘ಎ’ ಅಂದೆ ಅದಕ್ಕ,
ಮತ್ತ ಮೊಣಕಾಲು ಕೊಟ್ಟು ನೂಕಿದೆ.