ಮೊಣಕಾಲಿನ ಕೆಲಸ

ಕಿರುಬೆರಳಷ್ಟೂ ಇರಲಿಲ್ಲ ಆ ತುಂಡು.
ಬಾಗಿಲ ಹೊಟ್ಟೆಯೊಳಗೆ ಕೈ ತೂರಿಸಿ
ಇಯೋಬ್ ತಡವಿ ತೆಗೆದ:
ಕೊಕ್ಕೆಯ ಬಳಿ ಮುರಿದ ಸ್ಪ್ರಿಂಗು,
ಹಿಡಿ ತುಕ್ಕು, ಒಣಗಿದ ಒಂದು ಜೇಡ.
'ಇದು ಎಲ್ಲೂ ಸಿಗುವುದಿಲ್ಲ' ಎಂದ.
ಅಸ್ಮಾರಾದಲ್ಲಿ ಹಾಗೆಂದರೆ
ನಾಳೆ ಬಾ ಎಂದರ್ಥ.

ನನ್ನದು ಅರವತ್ತೊಂದರ ಫಿಯಟ್.
ಬಾಗಿಲು ಹಿಂದುಮುಂದಾಗಿ ತೆರೆಯುತ್ತದೆ,
ತೆರೆದರೆ ನಿಲ್ಲುವುದಿಲ್ಲ.
ಇಳಿಜಾರಲ್ಲಿ ಇಳಿಯುವವರ ಕಣಕಾಲಿಗೆ ಬಡಿದು
ಬೈಸಿಕೊಂಡಿದ್ದೇ ಬಂತು.
ಹನ್ನೊಂದು ವರ್ಷ ನಾನೇ ಸುತ್ತಿ ಬಂದು
ಎಡ ಮೊಣಕಾಲು ಆನಿಸಿ ನಿಂತೆ,
ಬಸುರಿಯರಿಗೆ, ಆಸ್ಪತ್ರೆಯಿಂದ ಬಂದವರಿಗೆ,
ಭಾನುವಾರ ಬಿಳಿ ಸೆರಗು ಹೊದ್ದು
ಚರ್ಚಿಗೆ ಹೊರಡುವ ಲೆಮ್ಲೆಮ್ ಅಜ್ಜಿಗೆ.

ಮೆದೆಬೆರ್ ಗುಜರಿಯಲ್ಲಿ ಸಿಕ್ಕಿತು
ರಷ್ಯಾದ ಲಾರಿಯ ಬ್ರೇಕಿನದೊಂದು.
ಉದ್ದ ಹೆಚ್ಚು, ಹಟ ಅದಕ್ಕಿಂತ ಹೆಚ್ಚು.
ಎರಡು ಸುತ್ತು ಕತ್ತರಿಸಿ, ತುದಿಯನ್ನಷ್ಟೇ ಕೆಂಡಕ್ಕಿಟ್ಟು
'ಕೆಂಪು ಸಾಕು, ಹಳದಿಗೆ ಹೋದರೆ ಹದ ಕೆಟ್ಟೀತು'
ಅಂತ ತನಗೇ ಹೇಳಿಕೊಳ್ಳುತ್ತ
ಇಯೋಬ್ ಕೊಕ್ಕೆ ಬಗ್ಗಿಸಿದ.
ಕೂರಿಸುವಾಗ ಎರಡು ಸಲ ಚಿಮ್ಮಿ ಹಾರಿತು.
ಒಮ್ಮೆ ನನ್ನ ಕಾಫಿಯೊಳಗೆ.

ಮೂರನೆಯದಕ್ಕೆ ಕಚ್ಚಿಕೊಂಡಿತು, ಟಕ್.
ಬಾಗಿಲು ತಾನೇ ನಿಂತಿತು
ಬೆಟ್ಟದ ಗಾಳಿಗೂ ಅಲುಗದೆ.

ಸಂಜೆ ಲೆಮ್ಲೆಮ್ ಅಜ್ಜಿ ಇಳಿದಳು,
ಮೊದಲು ಕೋಲು, ಆಮೇಲೆ ಒಂದು ಕಾಲು,
ಬ್ರೆಡ್ಡಿನ ಚೀಲ, ಇನ್ನೊಂದು ಕಾಲು.
'ಸರಿ ಮಗಾ ಆಚೆ, ಅದು ನಿಂತಿದೆಯಲ್ಲ' ಎಂದಳು.
ನೋಡಿಕೊಂಡೆ.
ಮೊಣಕಾಲು ಮಡಚಿಯೇ ಇತ್ತು,
ಬಾಗಿಲಿಗೆ ನಾಲ್ಕು ಬೆರಳು ದೂರ,
ಏನನ್ನೂ ತಡೆಯದೆ.